ಶಿವಮೊಗ್ಗದಿಂದ ತೇಜುವಿಗೆ 3 ಗಂಟೆ 48 ನಿಮಿಷ: ಆ ಲೆಕ್ಕದ ವಿಮಾನ ಎಲ್ಲಿದೆ?

ಪ್ರಶ್ನೆ: ನಾವು ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರಿನವರು. ಮಗಳು ಅರುಣಾಚಲ ಪ್ರದೇಶದ ತೇಜು ಹತ್ತಿರ ಒಂದು ವಸತಿ ಶಾಲೆಯಲ್ಲಿ ಟೀಚರ್. ಡಿಸೆಂಬರ್ ಕೊನೆಯಲ್ಲಿ ನಾನೂ ನಮ್ಮ ಯಜಮಾನರೂ ಹೋಗಿಬರೋಣ ಅಂತಿದ್ದೇವೆ. ಮೊಬೈಲಿನಲ್ಲಿ ಹುಡುಕಿದರೆ ಶಿವಮೊಗ್ಗ–ತೇಜು ದೂರ 2,638 ಕಿ.ಮೀ., ಹಾರಾಟದ ಸಮಯ 3 ಗಂಟೆ 48 ನಿಮಿಷ ಎಂದು ಬರುತ್ತದೆ. ಟಿಕೆಟ್ ಹುಡುಕಿದರೆ ಏನೂ ಸಿಗುವುದಿಲ್ಲ. ಈ ಲೆಕ್ಕ ಎಲ್ಲಿಂದ ಬಂತು? ನಿಜಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆ? ನಮ್ಮವರಿಗೆ ಮಂಡಿ ನೋವು, ಹೆಚ್ಚು ಮೆಟ್ಟಿಲು ಹತ್ತಲಾರರು.

ಉತ್ತರ: ದೂರದ ಲೆಕ್ಕ ಸರಿಯಾಗಿದೆ. ಸಮಯದ ಲೆಕ್ಕಕ್ಕೆ ಮಾತ್ರ ವಿಮಾನವೇ ಇಲ್ಲ. ಯಾವ ಎರಡು ನಿಲ್ದಾಣದ ಹೆಸರು ಕೊಟ್ಟರೂ ದೂರ ತೋರಿಸುವ ಇಂಥ ಜಾಲತಾಣಗಳು ಒಂದು ದೂರ, ಒಂದು ಸಮಯ ಹೇಳಿಬಿಡುತ್ತವೆ. ಅಲ್ಲಿಗೆ ವಿಮಾನ ಹೋಗುತ್ತದೆಯೇ ಎಂದು ಅವು ನೋಡುವುದಿಲ್ಲ. ಮಾಡುವುದು ಇಷ್ಟೇ: ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ತೆಗೆದುಕೊಂಡು ನಡುವಿನ ನೇರ ದೂರ ಕಂಡುಹಿಡಿಯುವುದು, ಅದನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸುವುದು, ಏರಲು ಇಳಿಯಲು ಅಂತ ಅರ್ಧ ಗಂಟೆ ಕೂಡಿಸುವುದು. 2,638ನ್ನು 800ರಿಂದ ಭಾಗಿಸಿದರೆ 3.3 ಗಂಟೆ, ಅಂದರೆ 3 ಗಂಟೆ 18 ನಿಮಿಷ. ಅದಕ್ಕೆ 30 ನಿಮಿಷ ಸೇರಿಸಿದರೆ ನಿಮ್ಮ 3 ಗಂಟೆ 48 ನಿಮಿಷ ಬಂತು.

ಈ ದೂರವನ್ನು ನೀವೇ ಹಾಳೆಯ ಮೇಲೆ ತಾಳೆ ನೋಡಬಹುದು. ಶಿವಮೊಗ್ಗದ ಸೋಗಾನೆಯಲ್ಲಿರುವ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಸುಮಾರು 13.85 ಡಿಗ್ರಿ ಉತ್ತರ, 75.61 ಡಿಗ್ರಿ ಪೂರ್ವದಲ್ಲಿದೆ. ತೇಜು ನಿಲ್ದಾಣ 27.94 ಉತ್ತರ, 96.13 ಪೂರ್ವ. ಅಕ್ಷಾಂಶದ ವ್ಯತ್ಯಾಸ 14.09 ಡಿಗ್ರಿ; ಒಂದು ಡಿಗ್ರಿಗೆ 111 ಕಿ.ಮೀ.ಯಂತೆ 1,564 ಕಿ.ಮೀ. ಉತ್ತರಕ್ಕೆ. ರೇಖಾಂಶದ ವ್ಯತ್ಯಾಸ 20.52 ಡಿಗ್ರಿ, 111ರಿಂದ ಗುಣಿಸಿದರೆ 2,278. ಆದರೆ ಇಲ್ಲಿಗೇ ನಿಲ್ಲಿಸಬಾರದು. ರೇಖಾಂಶದ ಗೆರೆಗಳು ಉತ್ತರಕ್ಕೆ ಹೋದಂತೆಲ್ಲ ಒಂದಕ್ಕೊಂದು ಹತ್ತಿರ ಬರುತ್ತವೆ, ಕಿತ್ತಳೆ ತೊಳೆಗಳು ತೊಟ್ಟಿನ ಕಡೆ ಕೂಡಿಕೊಳ್ಳುವ ಹಾಗೆ. ಅದಕ್ಕಾಗಿ ಎರಡೂ ಊರಿನ ಸರಾಸರಿ ಅಕ್ಷಾಂಶದ (20.9 ಡಿಗ್ರಿ) ಕೊಸೈನ್, ಅಂದರೆ 0.934ರಿಂದ ಗುಣಿಸಬೇಕು. 2,127 ಕಿ.ಮೀ. ಪೂರ್ವಕ್ಕೆ ಎಂದಾಯಿತು. ಇನ್ನು ಉಳಿದದ್ದು ಶಾಲೆಯ ಪೈಥಾಗೊರಸ್: 1,564ರ ವರ್ಗ, 2,127ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 2,640 ಕಿ.ಮೀ. ಭೂಮಿಯ ಗುಂಡನ್ನು ಪೂರ್ತಿ ಲೆಕ್ಕಕ್ಕೆ ಹಿಡಿದ ಸೂತ್ರ ಕೊಡುವುದು 2,638. ಇಷ್ಟು ಹತ್ತಿರ ಬಂದರೆ ಪ್ರಯಾಣದ ಕೆಲಸಕ್ಕೆ ಧಾರಾಳವಾಯಿತು. ಭೂಮಿ ಪೂರ್ತಿ ಗೋಳವಲ್ಲದ ಕಾರಣ ಆ ದೊಡ್ಡ ಸೂತ್ರದಲ್ಲೇ ಹತ್ತು ಕಿ.ಮೀ. ಆಚೀಚೆ ಆಗುತ್ತದೆ.

ಈ ಲೆಕ್ಕದಲ್ಲಿ ತಪ್ಪಾಗುವುದು ಹೆಚ್ಚಾಗಿ ಎರಡು ಕಡೆ. ಕೊಸೈನ್ ಮರೆತರೆ ಉತ್ತರ 2,763 ಬರುತ್ತದೆ, 120 ಕಿ.ಮೀ.ಗೂ ಹೆಚ್ಚು. ಇನ್ನೊಂದು, ಡಿಗ್ರಿ–ಮಿನಿಟ್‌ನಲ್ಲಿ ಬರೆದದ್ದನ್ನು ದಶಮಾಂಶ ಎಂದು ಓದುವುದು. ಶಿವಮೊಗ್ಗ 13 ಡಿಗ್ರಿ 51 ಮಿನಿಟ್ ಎಂದಿದ್ದರೆ ಅದು 13.51 ಅಲ್ಲ, 51ನ್ನು 60ರಿಂದ ಭಾಗಿಸಿ 13.85. ಆ ಒಂದು ತಪ್ಪಿಗೆ ನಿಲ್ದಾಣ 38 ಕಿ.ಮೀ. ದಕ್ಷಿಣಕ್ಕೆ ಸರಿದು, ತರೀಕೆರೆಯನ್ನೂ ದಾಟಿ ಈಚೆಗೆ ಬಂದುಬಿಡುತ್ತದೆ.

ಈಗ ನೇರ ವಿಮಾನ ಏಕೆ ಸಿಗುವುದಿಲ್ಲ ಎಂಬುದಕ್ಕೆ ಬರೋಣ. ಅಷ್ಟು ದೂರ ಹೋಗುವ ಜನ ಕಡಿಮೆ ಎಂಬುದು ಒಂದು ಕಾರಣ. ಅದಕ್ಕಿಂತ ಗಟ್ಟಿ ಕಾರಣ ರನ್‌ವೇಯಲ್ಲಿದೆ. ಶಿವಮೊಗ್ಗದ ರನ್‌ವೇ ಮೂರು ಕಿ.ಮೀ.ಗೂ ಉದ್ದ, ಏರ್‌ಬಸ್ 320 ಅಲ್ಲಿ ನಿರಾತಂಕವಾಗಿ ಇಳಿದು ಏರಬಲ್ಲದು. ತೇಜುವಿನ ರನ್‌ವೇ 1,500 ಮೀಟರ್ ಮಾತ್ರ, ಮೈಸೂರಿನ ಮಂಡಕಳ್ಳಿಯ ರನ್‌ವೇಗಿಂತಲೂ (1,740 ಮೀಟರ್) ಗಿಡ್ಡ. ಅಲ್ಲಿಗೆ ಹೊಂದುವುದು ಎಟಿಆರ್ 72 ಥರದ, ರೆಕ್ಕೆಗೆ ಒಂದರಂತೆ ಎರಡು ಪ್ರೊಪೆಲ್ಲರ್ ಇರುವ, 70–78 ಸೀಟಿನ ವಿಮಾನ. ಎಟಿಆರ್ ತುಂಬಿದ ಜನರೊಂದಿಗೆ ಒಂದೇ ಹಾರಾಟದಲ್ಲಿ ಹೋಗಬಲ್ಲದ್ದು ಹೆಚ್ಚುಕಡಿಮೆ 1,500 ಕಿ.ಮೀ. ನಿಮಗೆ ಬೇಕಿರುವುದು 2,640. ಏರ್‌ಬಸ್ 320ಕ್ಕೆ ಈ ದೂರ ಸಲೀಸು, ಆದರೆ ಜನ, ಇಂಧನ ತುಂಬಿಕೊಂಡು ಅದಕ್ಕೆ ಎರಡು ಕಿ.ಮೀ. ಆಸುಪಾಸಿನ ರನ್‌ವೇ ಬೇಕು. ಹೀಗೆ, ತೇಜುವಿನಲ್ಲಿ ಇಳಿಯಬಲ್ಲ ವಿಮಾನಕ್ಕೆ ಅಷ್ಟು ದೂರ ಹಾರಲಾಗದು, ಅಷ್ಟು ದೂರ ಹಾರಬಲ್ಲ ವಿಮಾನಕ್ಕೆ ತೇಜುವಿನಲ್ಲಿ ಇಳಿಯಲಾಗದು. ಎರಡು ಸಣ್ಣ, ದೂರದ ನಿಲ್ದಾಣಗಳ ನಡುವಿನ ‘ಹಾರಾಟದ ಸಮಯ’ ನೋಡುವಾಗ ಮೊದಲು ಕೇಳಬೇಕಾದ್ದು ಇದನ್ನೇ: ಎರಡರಲ್ಲಿ ಗಿಡ್ಡ ರನ್‌ವೇ ಯಾವುದು, ಅದರಲ್ಲಿ ಇಳಿಯುವ ವಿಮಾನ ಎಷ್ಟು ದೂರ ಹೋಗುತ್ತದೆ.

ಹಾಗಂತ ಆ ನೇರ ಗೆರೆ ಪ್ರಯೋಜನಕ್ಕಿಲ್ಲ ಎಂದಲ್ಲ. ಎಲ್ಲಿ ವಿಮಾನ ಬದಲಿಸಬೇಕು ಎಂಬುದನ್ನು ಅದೇ ಹೇಳುತ್ತದೆ. ಶಿವಮೊಗ್ಗದಿಂದ ಈಶಾನ್ಯಕ್ಕೆ ಹೊರಟ ಗೆರೆಯ ನಟ್ಟನಡುವಿನ ಬಿಂದು ಒಡಿಶಾದಲ್ಲಿ, ಕೆಂದುಝರ್ ಸೀಮೆಯ ಹತ್ತಿರ ಬೀಳುತ್ತದೆ. ಅಲ್ಲಿಂದ ಕೋಲ್ಕತ್ತದ ಸ್ವಲ್ಪ ಉತ್ತರಕ್ಕೆ ಹಾದು, ಬಾಂಗ್ಲಾದೇಶ, ಮೇಘಾಲಯ ದಾಟಿ, ಅಸ್ಸಾಂ ಕಣಿವೆಯ ಉದ್ದಕ್ಕೂ ಸಾಗಿ ಮಿಶ್ಮಿ ಬೆಟ್ಟಗಳ ಬುಡದಲ್ಲಿರುವ ತೇಜು ಮುಟ್ಟುತ್ತದೆ. ಅಂದರೆ ಕೋಲ್ಕತ್ತ, ಗುವಾಹಟಿ ಎರಡೂ ನಿಮ್ಮ ದಾರಿಯ ಪಕ್ಕದಲ್ಲೇ ಇವೆ. ದೆಹಲಿ ಇಲ್ಲ. ಬೆಂಗಳೂರಿನಿಂದ ಕೋಲ್ಕತ್ತಕ್ಕೆ ಸುಮಾರು 1,550 ಕಿ.ಮೀ., ಕೋಲ್ಕತ್ತದಿಂದ ದಿಬ್ರುಗಢಕ್ಕೆ 850, ಒಟ್ಟು 2,400. ಅದೇ ದೆಹಲಿ ಮೇಲೆ ಹೋದರೆ 1,710 ಮತ್ತು 1,760 ಸೇರಿ 3,470. ಸಾವಿರ ಕಿ.ಮೀ.ಗೂ ಹೆಚ್ಚು ಸುತ್ತು. ಟಿಕೆಟ್ ತಾಣದಲ್ಲಿ ದೆಹಲಿ ಮಾರ್ಗ ಇನ್ನೂರು ಮುನ್ನೂರು ರೂಪಾಯಿ ಅಗ್ಗವಾಗಿ ಕಂಡರೂ ವಯಸ್ಸಾದವರು ಅದಕ್ಕೆ ಮರುಳಾಗಬೇಡಿ.

ಸಮಯದ ಅಂದಾಜಿಗೆ ಎರಡು ಸೂತ್ರ ಇಟ್ಟುಕೊಳ್ಳಿ. ಜೆಟ್ ವಿಮಾನಕ್ಕೆ ದೂರವನ್ನು 800ರಿಂದ ಭಾಗಿಸಿ ಅರ್ಧ ಗಂಟೆ ಕೂಡಿಸುವ ಹಳೆಯ ಲೆಕ್ಕ ಪರವಾಗಿಲ್ಲ. ಬೆಂಗಳೂರು–ಕೋಲ್ಕತ್ತ ಅದರಂತೆ 2 ಗಂಟೆ 26 ನಿಮಿಷ, ವೇಳಾಪಟ್ಟಿಯಲ್ಲಿ ಎರಡೂವರೆ ಅಥವಾ ತುಸು ಹೆಚ್ಚು. ಕೋಲ್ಕತ್ತ–ದಿಬ್ರುಗಢ 1 ಗಂಟೆ 34 ನಿಮಿಷ. ಬೆಂಗಳೂರು–ಗುವಾಹಟಿ 2,040 ಕಿ.ಮೀ., ಮೂರು ಗಂಟೆ. ಎಟಿಆರ್‌ಗೆ ಈ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ, ಏಕೆಂದರೆ ಅದರ ಗರಿಷ್ಠ ವೇಗವೇ ಗಂಟೆಗೆ 510 ಕಿ.ಮೀ. ಅದಕ್ಕೆ 470ರಿಂದ ಭಾಗಿಸಿ 25 ನಿಮಿಷ ಕೂಡಿಸಿ. ಗುವಾಹಟಿ–ತೇಜು ಸುಮಾರು 495 ಕಿ.ಮೀ.; ಭಾಗಿಸಿದರೆ 63 ನಿಮಿಷ, 25 ಸೇರಿ ಒಂದೂವರೆ ಗಂಟೆ. ಜೆಟ್ ಲೆಕ್ಕದಲ್ಲಿ ಇದೇ ಹಾರಾಟ 1 ಗಂಟೆ 7 ನಿಮಿಷ ಎಂದು ತೋರಿಸುತ್ತದೆ. ಶಿವಮೊಗ್ಗ–ಬೆಂಗಳೂರು ನೇರ ಗೆರೆಯಲ್ಲಿ 240 ಕಿ.ಮೀ. ಒಳಗೇ ಇದೆ, ಎಟಿಆರ್ ಲೆಕ್ಕದಲ್ಲಿ 55 ನಿಮಿಷ. ಆದರೂ ವೇಳಾಪಟ್ಟಿಯಲ್ಲಿ ಒಂದರಿಂದ ಒಂದೂಕಾಲು ಗಂಟೆ ಇಡುತ್ತಾರೆ.

ಆ ಹೆಚ್ಚುವರಿ ಏಕೆ? ಟಿಕೆಟ್ ಮೇಲೆ ಬರೆದಿರುವುದು ಬ್ಲಾಕ್ ಟೈಮ್. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ಚಕ್ರಕ್ಕೆ ಅಡ್ಡಗಟ್ಟೆ ಕೊಡುವ ಕ್ಷಣದವರೆಗಿನ ಒಟ್ಟು ಹೊತ್ತು ಅದು. ದೇವನಹಳ್ಳಿಯಂಥ ದೊಡ್ಡ ನಿಲ್ದಾಣದಲ್ಲಿ ರನ್‌ವೇ ತಲುಪಲೇ ಹತ್ತು–ಹದಿನೈದು ನಿಮಿಷ, ಇಳಿಯುವಾಗ ಸರದಿಗೆ ಕಾಯುವುದು ಬೇರೆ. ಸೋಗಾನೆಯಲ್ಲಾದರೆ ಟರ್ಮಿನಲ್ ಎದುರಿನಿಂದ ಹೊರಟು ಐದಾರು ನಿಮಿಷಕ್ಕೆಲ್ಲ ನೆಲ ಬಿಡುತ್ತದೆ. ಜತೆಗೆ ವಿಮಾನ ನಕ್ಷೆಯ ಗೆರೆಯ ಮೇಲೆ ಹಾರುವುದಿಲ್ಲ. ಗೊತ್ತಾದ ವಾಯುಮಾರ್ಗ, ಇಳಿಯುವ ದಿಕ್ಕು, ವಾಯುಪಡೆಯ ನಿರ್ಬಂಧಿತ ಪ್ರದೇಶ ಇವನ್ನೆಲ್ಲ ಸುತ್ತಿಕೊಂಡು ಹೋಗಬೇಕು. ಅದಕ್ಕೆ ನೂರಕ್ಕೆ ಐದು ಎಂದು ಹಿಡಿದರೂ 2,640ಕ್ಕೆ 132 ಕಿ.ಮೀ. ಕೂಡಿತು.

ಗಾಳಿಯ ಲೆಕ್ಕವನ್ನೂ ಹೇಳಬೇಕು, ಏಕೆಂದರೆ ನೀವು ಹೋಗುವುದು ಚಳಿಗಾಲದಲ್ಲಿ. ಡಿಸೆಂಬರ್, ಜನವರಿಯಲ್ಲಿ ಉತ್ತರ ಭಾರತದ ಮೇಲೆ, ಜೆಟ್ ವಿಮಾನಗಳು ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತಿರುತ್ತದೆ. ದಕ್ಷಿಣಕ್ಕೆ ಬಂದಂತೆ ಅದು ಸೌಮ್ಯವಾಗುತ್ತದೆ. ದಾರಿಯ ಅರ್ಧ, ಅಂದರೆ 1,300 ಕಿ.ಮೀ. ಮೇಲೆ ಗಂಟೆಗೆ 100 ಕಿ.ಮೀ. ಗಾಳಿ ಬೆನ್ನಿಗಿದೆ ಎಂದುಕೊಳ್ಳಿ. ಹೋಗುವಾಗ ಆ ಭಾಗ 900 ಕಿ.ಮೀ. ವೇಗದಲ್ಲಿ 87 ನಿಮಿಷಕ್ಕೆ ಮುಗಿಯುತ್ತದೆ. ಬರುವಾಗ ಅದೇ ಗಾಳಿ ಎದುರಾಗಿ, 700ರ ವೇಗದಲ್ಲಿ 111 ನಿಮಿಷ. ಹೋಗುವ ಬರುವ ಸಮಯದಲ್ಲಿ 24 ನಿಮಿಷದ ವ್ಯತ್ಯಾಸ ಗಾಳಿಯೊಂದರಿಂದಲೇ. ದೂರ ತೋರಿಸುವ ತಾಣಗಳು ಎರಡೂ ದಿಕ್ಕಿಗೆ ಒಂದೇ ಸಮಯ ಹೇಳುತ್ತವೆ. ನೀವು ವಾಪಸ್ ಬರುವಾಗಿನ ಕನೆಕ್ಟಿಂಗ್ ವಿಮಾನಕ್ಕೆ ಹೆಚ್ಚು ಬಿಡುವು ಇಟ್ಟುಕೊಳ್ಳಬೇಕು ಎನ್ನುವುದಕ್ಕೆ ಇದು ಮೊದಲ ಕಾರಣ.

ಆದರೆ ನಿಮ್ಮ ಪ್ರಯಾಣವನ್ನು ನಿಜಕ್ಕೂ ಬಿಗಿ ಹಿಡಿಯುವುದು ದೂರವೂ ಅಲ್ಲ, ಗಾಳಿಯೂ ಅಲ್ಲ. ಹಗಲು. ಇಡೀ ದೇಶಕ್ಕೆ ಒಂದೇ ಗಡಿಯಾರ. ಸೂರ್ಯ ಅದಕ್ಕೆ ಕಾಯುವುದಿಲ್ಲ. ಚಿಕ್ಕಮಗಳೂರಿಗೂ ತೇಜುವಿಗೂ ರೇಖಾಂಶದಲ್ಲಿ 20 ಡಿಗ್ರಿಗೂ ಹೆಚ್ಚು ಅಂತರ. ಡಿಗ್ರಿಗೆ 4 ನಿಮಿಷದಂತೆ ಅಲ್ಲಿ 81 ನಿಮಿಷ ಮೊದಲೇ ಮಧ್ಯಾಹ್ನವಾಗುತ್ತದೆ. ಮೇಲಾಗಿ ಉತ್ತರದಲ್ಲಿರುವುದರಿಂದ ಚಳಿಗಾಲದ ಹಗಲು ನಮ್ಮದಕ್ಕಿಂತ ಒಂದು ಗಂಟೆ ಚಿಕ್ಕದು. ಡಿಸೆಂಬರ್ ಕೊನೆಯಲ್ಲಿ ಆಲ್ದೂರಿನಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿದ ಮೇಲೆ. ತೇಜುವಿನಲ್ಲಿ ನಾಲ್ಕೂಕಾಲರ ಸುಮಾರಿಗೆ. ನಮ್ಮಲ್ಲಿ ಸಂಜೆಯ ಕಾಫಿಗೆ ನೀರಿಡುವ ಹೊತ್ತಿಗೆ ಅಲ್ಲಿ ದೀಪ ಹಚ್ಚಿರುತ್ತಾರೆ.

ಇದು ವಿಮಾನಕ್ಕೂ ತಗಲುತ್ತದೆ. ಉಪಕರಣಗಳ ನೆರವಿನಿಂದ ಇಳಿಸುವ ವ್ಯವಸ್ಥೆ ಇಲ್ಲದ ಸಣ್ಣ ನಿಲ್ದಾಣಗಳಲ್ಲಿ ಪೈಲಟ್ ಕಣ್ಣಿನಿಂದ ರನ್‌ವೇ ನೋಡಿಯೇ ಇಳಿಸಬೇಕು. ಆ ನಿಯಮದ ಪ್ರಕಾರ 5 ಕಿ.ಮೀ. ದೂರ ಕಾಣಬೇಕು, ಮೋಡದ ತಳ 1,500 ಅಡಿಗಿಂತ ಕೆಳಗಿರಬಾರದು, ಸೂರ್ಯಾಸ್ತವಾಗಿ 20 ನಿಮಿಷದ ಮೇಲೆ ಸಾಮಾನ್ಯವಾಗಿ ಹಾರಾಟವಿಲ್ಲ. ಡಿಸೆಂಬರಿನ ಬೆಳಗ್ಗೆ ಬ್ರಹ್ಮಪುತ್ರ ಕಣಿವೆಯಲ್ಲಿ ದಟ್ಟ ಮಂಜು. ಅದು ಕರಗುವುದನ್ನು ಕಾಯಬೇಕು. ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಹೀಗಾಗಿ ಇಂಥ ನಿಲ್ದಾಣಕ್ಕೆ ದಿನದಲ್ಲಿ ಸಿಗುವುದು ಆರೇಳು ಗಂಟೆಯ ಕಿಟಕಿ. ಗುವಾಹಟಿಯಲ್ಲಿ ವಿಮಾನ ಎರಡು ಗಂಟೆ ತಡವಾದರೆ ‘ಎರಡು ಗಂಟೆ ತಡವಾಗಿ ತಲುಪುತ್ತೇವೆ’ ಎಂದು ಅರ್ಥವಲ್ಲ, ಆ ದಿನದ ಹಾರಾಟವೇ ರದ್ದಾಗಬಹುದು. ದೊಡ್ಡ ನಿಲ್ದಾಣಕ್ಕೂ ಸಣ್ಣ ನಿಲ್ದಾಣಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ದೊಡ್ಡದರಲ್ಲಿ ತಡವಾದದ್ದು ಗಂಟೆಗಳಲ್ಲಿ ಮುಗಿಯುತ್ತದೆ, ಸಣ್ಣದರಲ್ಲಿ ಮುಂದಿನ ವಿಮಾನದ ದಿನಕ್ಕೇ ಹೋಗುತ್ತದೆ. ಮುಂದಿನ ವಿಮಾನ ನಾಳೆಯೇ ಇರಬೇಕೆಂದೂ ಇಲ್ಲ, ಏಕೆಂದರೆ ಇಂಥ ಮಾರ್ಗಗಳಲ್ಲಿ ಹಲವು ವಾರಕ್ಕೆ ಕೆಲವು ದಿನ ಮಾತ್ರ ಓಡುತ್ತವೆ.

ಈ ಸಣ್ಣ ಮಾರ್ಗಗಳು ಒಂದು ವರ್ಷ ಇದ್ದು ಮರುವರ್ಷ ಕಾಣೆಯಾಗುವುದಕ್ಕೂ ಕಾರಣವಿದೆ. ಸಣ್ಣ ಊರುಗಳಿಗೂ ವಿಮಾನ ಓಡಿಸುವ ಕೇಂದ್ರದ ಉಡಾನ್ ಯೋಜನೆ 2016ರಲ್ಲಿ ಬಂತು, ಅದರ ಮೊದಲ ಹಾರಾಟ 2017ರ ಏಪ್ರಿಲ್‌ನಲ್ಲಿ ಶಿಮ್ಲಾ–ದೆಹಲಿ ನಡುವೆ ಆಯಿತು. ಆ ಯೋಜನೆಯಲ್ಲಿ ಕಡಿಮೆ ದರದ ಸೀಟುಗಳ ನಷ್ಟ ತುಂಬಿಕೊಡುವ ಸಹಾಯಧನ ಮೂರು ವರ್ಷಕ್ಕೆ. ಅವಧಿ ಮುಗಿದ ಮೇಲೆ ಜನ ಸಾಲದಿದ್ದರೆ ಕಂಪನಿ ವಿಮಾನವನ್ನು ಬೇರೆಡೆಗೆ ತಿರುಗಿಸುತ್ತದೆ. ಆದ್ದರಿಂದ ಹಳೆಯ ವಿಡಿಯೊ, ಹಳೆಯ ಲೇಖನ ನೋಡಿ ಯೋಜನೆ ಹಾಕಬೇಡಿ. ನೀವು ಹೋಗುವ ವಾರದ ದಿನಾಂಕ ಹಾಕಿ ವಿಮಾನ ಕಂಪನಿಯ ತಾಣದಲ್ಲೇ ನೋಡಿ. ಚಳಿಗಾಲದ ವೇಳಾಪಟ್ಟಿ ಅಕ್ಟೋಬರ್ ಕೊನೆಯ ಭಾನುವಾರದಿಂದ ಜಾರಿಗೆ ಬರುತ್ತದೆ. ಶಿವಮೊಗ್ಗ, ತೇಜು ಎರಡಕ್ಕೂ ಅದೇ ಖಚಿತ ಮಾತು.

ಹುಡುಕುವಾಗ ಒಂದು ಅಪಾಯ: ತೇಜುವಿನ ನಿಲ್ದಾಣದ ಸಂಕೇತ ‘ಟಿಇಐ’. ಅಸ್ಸಾಮಿನ ತೇಜ್‌ಪುರದ್ದು ‘ಟಿಇಝಡ್’. ಮೂರು ಅಕ್ಷರ ಒತ್ತುವಷ್ಟರಲ್ಲಿ ತಾಣ ತೇಜ್‌ಪುರವನ್ನು ಮುಂದೆ ಹಿಡಿಯುತ್ತದೆ, ಹೆಸರೂ ಹತ್ತಿರ. ಆದರೆ ತೇಜ್‌ಪುರದಿಂದ ತೇಜುವಿಗೆ ನೇರ ಗೆರೆಯಲ್ಲೇ ಸುಮಾರು 360 ಕಿ.ಮೀ. ಹಣ ಕಟ್ಟುವ ಮೊದಲು ಸಂಕೇತದ ಮೂರನೆಯ ಅಕ್ಷರ ನೋಡಿ.

ಇಷ್ಟೆಲ್ಲ ಹಿಡಿದು ಬಾಗಿಲಿನಿಂದ ಬಾಗಿಲಿಗೆ ಲೆಕ್ಕ ಹಾಕೋಣ. ವಿಮಾನದ ಹೊತ್ತುಗಳನ್ನು ಮಾದರಿಗೆಂದು ಇಟ್ಟಿದ್ದೇನೆ. ರಾತ್ರಿ ಎಂಟೂವರೆಗೆ ಆಲ್ದೂರು ಬಿಟ್ಟು ಒಂಬತ್ತೂವರೆಗೆ ಚಿಕ್ಕಮಗಳೂರಿನಲ್ಲಿ ಬೆಂಗಳೂರು ಬಸ್ ಹತ್ತಿದಿರಿ. 245 ಕಿ.ಮೀ.ಗೆ ಆರು ಗಂಟೆ ಎಂದರೆ ಮೂರೂವರೆಗೆ ಮೆಜೆಸ್ಟಿಕ್. ವಾಯುವಜ್ರ ಬಸ್ಸಿನಲ್ಲಿ ಐದಕ್ಕೆ ದೇವನಹಳ್ಳಿ. ಏಳೂವರೆಯ ವಿಮಾನಕ್ಕೆ ಹತ್ತಕ್ಕೆ ಕೋಲ್ಕತ್ತ. ಒಂದೂಮುಕ್ಕಾಲು ಗಂಟೆ ಬಿಡುವು, ಹನ್ನೊಂದೂಮುಕ್ಕಾಲಿಗೆ ಹೊರಟು 1:20ಕ್ಕೆ ದಿಬ್ರುಗಢದ ಮೋಹನ್‌ಬಾರಿ ನಿಲ್ದಾಣ. ಲಗೇಜ್ ಹಿಡಿದು ಹೊರಬರುವಾಗ ಎರಡು. ತೇಜು ಅಲ್ಲಿಂದ ನೇರ ಗೆರೆಯಲ್ಲಿ 121 ಕಿ.ಮೀ. ಮಾತ್ರ, ಆದರೆ ರಸ್ತೆ ತಿನ್ಸುಕಿಯಾ, ನಾಮ್ಸಾಯ್, ಚೌಖಾಮ್ ಸುತ್ತಿಕೊಂಡು ಲೋಹಿತ್ ನದಿ ದಾಟಿ ಹೋಗುತ್ತದೆ. ನಾಲ್ಕರಿಂದ ಐದು ಗಂಟೆ ಇಟ್ಟುಕೊಳ್ಳಬೇಕು. ಸಂಜೆ ಆರೂವರೆಗೆ ತೇಜು. ಒಟ್ಟು 22 ಗಂಟೆ, ಅದರಲ್ಲಿ ವಿಮಾನದಲ್ಲಿ ಕಳೆದದ್ದು ನಾಲ್ಕು ಗಂಟೆ. ಅಲ್ಲದೆ ರಸ್ತೆಯ ಕೊನೆಯ ಎರಡು ಗಂಟೆ ಕತ್ತಲಲ್ಲಿ.

ಮಂಡಿ ನೋವಿರುವವರಿಗೆ ಈ ಓಟ ಬೇಡ ಎಂದೇ ನನ್ನ ಸಲಹೆ. ದಿಬ್ರುಗಢದಲ್ಲೋ ತಿನ್ಸುಕಿಯಾದಲ್ಲೋ ರಾತ್ರಿ ಉಳಿದುಕೊಳ್ಳಿ. ಮರುದಿನ ಏಳಕ್ಕೆ ಹೊರಟರೆ ಹನ್ನೆರಡರೊಳಗೆ ಮಗಳ ಮನೆ. ಆಗ ಬೆಂಗಳೂರಿನಿಂದಲೂ ನಸುಕಿನ ವಿಮಾನ ಹಿಡಿಯುವ ಧಾವಂತ ಇರುವುದಿಲ್ಲ. ದೇವನಹಳ್ಳಿಯಲ್ಲಿ ಡಿಸೆಂಬರ್ ಬೆಳಗಿನ ಮಂಜಿಗೆ ವಿಮಾನಗಳು ತಡವಾಗುವುದುಂಟು, ಹೊತ್ತೇರಿದ ಮೇಲಿನದನ್ನೇ ಆರಿಸಿಕೊಳ್ಳಿ. ಶಿವಮೊಗ್ಗದಿಂದ ಹೊರಡುವ ಆಸೆಯಿದ್ದರೆ ಅದೂ ತಪ್ಪಲ್ಲ. ಚಿಕ್ಕಮಗಳೂರಿನಿಂದ ತರೀಕೆರೆ, ಭದ್ರಾವತಿ ಮೇಲೆ ಸೋಗಾನೆಗೆ ಎರಡೂವರೆ ಗಂಟೆ, ರಾತ್ರಿ ಬಸ್ಸಿನ ಕುಲುಕಾಟ ತಪ್ಪುತ್ತದೆ. ಆದರೆ ಅಲ್ಲಿಂದ ವಿಮಾನ ಹಿಡಿದು ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಮುಂದಿನದಕ್ಕೆ ಕಾಯುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ, ಆ ರಾತ್ರಿ ಕೋಲ್ಕತ್ತ ಅಥವಾ ಗುವಾಹಟಿಯಲ್ಲೇ ತಂಗಬೇಕಾಗುತ್ತದೆ. ಹಾಸನದ ಕಡೆಯವರಾದರೆ ಈ ಯೋಚನೆಯೇ ಬೇಡ, 185 ಕಿ.ಮೀ. ನೇರ ಬೆಂಗಳೂರಿಗೆ ಹೋಗುವುದೇ ಸರಿ.

ಟಿಕೆಟ್ ಆದಷ್ಟೂ ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಿ. ಆಗ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದಕ್ಕೆ ಕೂರಿಸುವ ಹೊಣೆ ಕಂಪನಿಯದು, ಲಗೇಜೂ ನೇರ ದಿಬ್ರುಗಢಕ್ಕೆ ಹೋಗುತ್ತದೆ. ಬೇರೆ ಬೇರೆ ಟಿಕೆಟ್ ಮಾಡಿಸಿದರೆ ಕೋಲ್ಕತ್ತದಲ್ಲಿ ಹೊರಬಂದು, ಲಗೇಜ್ ತೆಗೆದು, ಮತ್ತೆ ಕೌಂಟರ್‌ಗೆ ಕೊಡಬೇಕು. ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಹಾಗಿದ್ದರೆ ನಡುವೆ ಮೂರು ಗಂಟೆಗಿಂತ ಕಡಿಮೆ ಇಡಬೇಡಿ. ಹವಾಮಾನದಿಂದ ರದ್ದಾದರೆ ಟಿಕೆಟ್ ಹಣ ಅಥವಾ ಬೇರೆ ವಿಮಾನ ಸಿಗುತ್ತದೆ, ಅದರ ಮೇಲಿನ ಪರಿಹಾರ ಸಿಗುವುದಿಲ್ಲ. ಹೋಟೆಲ್ ಖರ್ಚಿಗೆ ಕೈಯಲ್ಲಿ ಸ್ವಲ್ಪ ಹಣ ಇರಲಿ.

ಇನ್ನರ್ ಲೈನ್ ಪರ್ಮಿಟ್ ಇಲ್ಲದೆ ಅರುಣಾಚಲ ಪ್ರವೇಶವಿಲ್ಲ. ನಾವು ಭಾರತೀಯರೇ ಆದರೂ ಬೇಕು. 1873ರ ಒಂದು ಕಾನೂನಿನಿಂದ ಬಂದ ಪದ್ಧತಿ. ಆಧಾರ್ ಅಥವಾ ಮತದಾರರ ಚೀಟಿ, ಫೋಟೊ ಹಾಕಿ ರಾಜ್ಯ ಸರ್ಕಾರದ ತಾಣದಲ್ಲೇ ಪಡೆಯಬಹುದು. ಇಬ್ಬರಿಗೂ ಬೇರೆ ಬೇರೆ ಮಾಡಿಸಿ, ಎರಡೆರಡು ಪ್ರತಿ ಮುದ್ರಿಸಿಟ್ಟುಕೊಳ್ಳಿ. ನಾಮ್ಸಾಯ್ ಕಡೆಯಿಂದ ಹೋದರೆ ದಿರಾಕ್ ಗೇಟಿನಲ್ಲಿ ನೋಡುತ್ತಾರೆ. ಅರ್ಜಿಯಲ್ಲಿ ವಾಪಸಾತಿಯ ದಿನವನ್ನು ನಾಲ್ಕೈದು ದಿನ ಮುಂದಕ್ಕೇ ಹಾಕಿ, ವಿಮಾನ ರದ್ದಾದರೆ ಪರ್ಮಿಟ್ ಅವಧಿ ಮುಗಿದ ಪೇಚಾಟ ಬೇಡ. ಸಂಕ್ರಾಂತಿವರೆಗೂ ಉಳಿಯುವ ಹಾಗಿದ್ದರೆ ತೇಜು ಹತ್ತಿರದ ಪರಶುರಾಮ ಕುಂಡದ ಮೇಳ ನೋಡಬಹುದು. ಆ ವಾರ ಟ್ಯಾಕ್ಸಿ, ರೂಮು ಎರಡೂ ಕಷ್ಟ, ಮೊದಲೇ ಹೇಳಿಡಬೇಕು.

ಮಗಳಿಗೆ ಕಟ್ಟಿಕೊಂಡು ಹೋಗುವ ಗಂಟಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಸಮಯ ಹಾಳಾಗುವುದು ಅಲ್ಲೂ. ದೇಶದೊಳಗೆ ಒಬ್ಬರಿಗೆ ಸಾಮಾನ್ಯವಾಗಿ 15 ಕೆ.ಜಿ. ಲಗೇಜ್. ಕಾಫಿಪುಡಿ, ಕೋಡುಬಳೆ, ಅಕ್ಕಿ ಹಪ್ಪಳಕ್ಕೆ ಅಡ್ಡಿಯಿಲ್ಲ. ಮಿಡಿ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ, ಎಣ್ಣೆ ಸೋರದಂತೆ ಕಟ್ಟಿ ಕೌಂಟರ್‌ಗೆ ಕೊಡುವ ಪೆಟ್ಟಿಗೆಯಲ್ಲಿಡಿ. ಕೊಬ್ಬರಿ ಗಿಟುಕು ಮಾತ್ರ ಎರಡರಲ್ಲೂ ಬೇಡ. ಎಣ್ಣೆಯಂಶದಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಒಣಕೊಬ್ಬರಿ ಇದೆ. ಸ್ಕ್ಯಾನರ್‌ನಲ್ಲಿ ಗುಂಡಗೆ ಕಂಡರೆ ನಿಮ್ಮನ್ನು ಕರೆದು ಪೆಟ್ಟಿಗೆ ಬಿಚ್ಚಿಸುತ್ತಾರೆ. ಅರಸೀಕೆರೆ ಸೀಮೆಯ ಕೊಬ್ಬರಿ ಎಷ್ಟೇ ಚೆನ್ನಾಗಿದ್ದರೂ ಅಲ್ಲೇ ಬಿಟ್ಟುಬರಬೇಕು. ಎಟಿಆರ್‌ನಲ್ಲಿ ತೇಜುವಿಗೆ ಹೋಗುವ ಸಂದರ್ಭ ಬಂದರೆ ಇನ್ನೂ ಹಗುರವಾಗಿ ಹೋಗಿ. ಗಿಡ್ಡ ರನ್‌ವೇಯಿಂದ ಏರುವ ವಿಮಾನಕ್ಕೆ ತೂಕದ ಮಿತಿ ಬಿಗಿ, ಸೆಕೆ ಹೆಚ್ಚಿದ ದಿನ ಇನ್ನೂ ಬಿಗಿ. ತೂಕ ಮೀರಿದರೆ ಕೆಲವರ ಪೆಟ್ಟಿಗೆ ಮುಂದಿನ ವಿಮಾನಕ್ಕೆ ಉಳಿಯುತ್ತದೆ. ಬಿಪಿ, ಮಂಡಿಯ ಮಾತ್ರೆಗಳು, ಒಂದು ಸ್ವೆಟರ್ ಕೈಚೀಲದಲ್ಲೇ ಇರಲಿ.

ವಾಪಸ್ ಬರುವಾಗ ತೇಜುವಿನಿಂದ ಅದೇ ದಿನ ಬೆಂಗಳೂರು ಮುಟ್ಟುವ ಟಿಕೆಟ್ ಮಾಡಿಸಬೇಡಿ. ಹಿಂದಿನ ಮಧ್ಯಾಹ್ನವೇ ದಿಬ್ರುಗಢಕ್ಕೆ ಬಂದು ಉಳಿದು, ಮರುದಿನ ಹೊತ್ತೇರಿದ ಮೇಲಿನ ವಿಮಾನ ಹಿಡಿಯಿರಿ. ಬೆಳಗಿನ ಮಂಜು, ಎದುರುಗಾಳಿ ಎರಡೂ ಬರುವ ದಾರಿಯಲ್ಲೇ ಸೇರಿಕೊಳ್ಳುತ್ತವೆ. ಬೆಂಗಳೂರಿಗೆ ರಾತ್ರಿ ಬಂದರೂ ಚಿಕ್ಕಮಗಳೂರಿಗೆ ತಡರಾತ್ರಿಯ ಬಸ್ಸುಗಳಿವೆ, ಆ ತುದಿಯಲ್ಲಿ ತಡವಾದರೆ ಅಷ್ಟು ತೊಂದರೆಯಿಲ್ಲ.

ನಿಮ್ಮ ಯಜಮಾನರ ಮಂಡಿಯ ವಿಷಯ. ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಬೇಕೆಂದು ಗುರುತು ಹಾಕಿಸಿ, ಕಡೇಪಕ್ಷ ಹೊರಡುವ 48 ಗಂಟೆ ಮೊದಲು ಕಂಪನಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ‘ನಡೆಯಬಲ್ಲರು, ಮೆಟ್ಟಿಲು ಹತ್ತಲಾರರು’ ಎಂದು ಸ್ಪಷ್ಟವಾಗಿ ಹೇಳಿ. ಬರೀ ಗಾಲಿಕುರ್ಚಿ ಎಂದರೆ ವಿಮಾನದ ಬುಡದವರೆಗೆ ತಂದು ಬಿಡುವುದೂ ಉಂಟು. ಬೆಂಗಳೂರು, ಕೋಲ್ಕತ್ತದಲ್ಲಿ ಟರ್ಮಿನಲ್‌ನಿಂದ ವಿಮಾನದ ಬಾಗಿಲಿಗೇ ನಡೆದುಹೋಗುವ ಏರೋಬ್ರಿಡ್ಜ್ ಇದ್ದರೂ ನಿಮ್ಮ ವಿಮಾನವನ್ನು ದೂರ ನಿಲ್ಲಿಸಿ ಬಸ್ಸಿನಲ್ಲಿ ಕರೆದೊಯ್ಯಬಹುದು. ಆಗ ಇಳಿಜಾರಿನ ರ‍್ಯಾಂಪ್ ಅಥವಾ ಎತ್ತುವ ಗಾಡಿ ಬೇಕೆಂದು ಗೇಟಿನಲ್ಲೇ ಕೇಳಿ. ಎಟಿಆರ್ ಈ ವಿಷಯದಲ್ಲಿ ಉಪಕಾರಿ. ಅದರ ಹೊಟ್ಟೆ ನೆಲಕ್ಕೆ ಹತ್ತಿರ, ಜನ ಹತ್ತುವ ಬಾಗಿಲು ಹಿಂಭಾಗದಲ್ಲಿ, ಆ ಬಾಗಿಲೇ ಕೆಳಗೆ ಮಡಚಿಕೊಂಡು ಕೆಲವೇ ಮೆಟ್ಟಿಲಿನ ಏಣಿಯಾಗುತ್ತದೆ. ಅದಕ್ಕೆ ಸೀಟನ್ನೂ ಹಿಂದಿನ ಸಾಲಿನಲ್ಲೇ ಕೇಳಿ ಪಡೆಯಿರಿ. ಮುಂದಿನ ಸಾಲು ಸಿಕ್ಕಿತೆಂದು ಖುಷಿಪಟ್ಟರೆ ವಿಮಾನದ ಉದ್ದಕ್ಕೂ ಕಿರಿದಾದ ದಾರಿಯಲ್ಲಿ ನಡೆಯಬೇಕಾಗುತ್ತದೆ.